ಕಾರ್ಕಳ: ಬೆಟ್ಟ ಏರಿದ ಕಲ್ಲು, ಕಾರಿನಲ್ಲೇ ಉಳಿದ ಲ್ಯಾಪ್‌ಟಾಪು

ಕಾರ್ಕಳದಲ್ಲಿ ಗೊಮ್ಮಟಬೆಟ್ಟಕ್ಕೆ ದಾರಿ ಯಾರನ್ನೂ ಕೇಳಬೇಕಾಗಿಲ್ಲ. ಪೇಟೆಯ ಮರಗಳು ಎಲ್ಲಿ ಒಂದಿಷ್ಟು ಸಂದಿ ಬಿಟ್ಟರೂ ಸಾಕು, ಆ ಸಂದಿಯಲ್ಲೊಂದು ಬೋಳುಬಂಡೆಯ ಗುಡ್ಡ, ಗುಡ್ಡದ ನೆತ್ತಿಯಲ್ಲಿ ಪೌಳಿಗೋಡೆಗೂ ಮೇಲಕ್ಕೆ ತಲೆ ಎತ್ತಿ ನಿಂತ ಬಾಹುಬಲಿ ಕಾಣುತ್ತಾನೆ. ಹಾಸನ ಜಿಲ್ಲೆಯವನಾದ ನನಗೆ ಗೊಮ್ಮಟ ಹೊಸಬನಲ್ಲ. ಶಾಲೆಯ ಪ್ರವಾಸವೆಂದರೆ ಶ್ರವಣಬೆಳಗೊಳ, ನೆಂಟರಿಷ್ಟರು ಬಂದರೆ ಶ್ರವಣಬೆಳಗೊಳ, ಬೇಸಿಗೆ ರಜೆಯಲ್ಲಿ ಏನೂ ತೋಚದಿದ್ದರೂ ಶ್ರವಣಬೆಳಗೊಳ. ಹಾಗಾಗಿ ಮಣಿಪಾಲದಲ್ಲಿ ಬಾಡಿಗೆ ರೂಮು ಹಿಡಿದು ಕೂತ ಮೇಲೂ ಮೂವತ್ತು ಚಿಲ್ಲರೆ ಕಿ.ಮೀ. ಆಚೆಯ ಕಾರ್ಕಳಕ್ಕೆ ಹೋಗಬೇಕೆಂಬ ಅವಸರ ಇರಲಿಲ್ಲ. ಎಳೆದು ತಂದದ್ದು ಶೆಟ್ರ ಫೋನು.

“ಮಣಿಪಾಲಕ್ಕೆ ಬಂದು ಅಷ್ಟು ದಿನ ಆಯ್ತಂತೆ. ನಮ್ಮ ಊರಿಗೆ ಬರ್ಲಿಕ್ಕೆ ವೀಸಾ ಬೇಕಾ ಮಾರಾಯ್ರೆ?”

ಆಫೀಸಿನಲ್ಲಿ ಎಲ್ಲರ ಬಾಯಲ್ಲೂ ಆತ ಶೆಟ್ರು. ಹೆಸರು ಹಿಡಿದು ಕರೆಯುತ್ತಿದ್ದವರು ಅಮೆರಿಕದ ಕ್ಲೈಂಟುಗಳು ಮಾತ್ರ. ಬೆಂಗಳೂರಿನ ಹೊರವರ್ತುಲ ರಸ್ತೆಯ ಗಾಜಿನ ಕಟ್ಟಡವೊಂದರಲ್ಲಿ ನಮ್ಮಿಬ್ಬರದು ಅಕ್ಕಪಕ್ಕದ ಕುರ್ಚಿ. 2020ರ ಲಾಕ್‌ಡೌನಿನಲ್ಲಿ ಎರಡು ಚೀಲದೊಂದಿಗೆ ಊರಿಗೆ ಬಂದ ಶೆಟ್ರು ಮತ್ತೆ ಘಟ್ಟ ಹತ್ತಲಿಲ್ಲ. ಈಗ ಅರ್ಧ ದಿನ ಕನ್ಸಲ್ಟಿಂಗು, ಇನ್ನರ್ಧ ದಿನ ಅಡಿಕೆ ತೋಟ. ನಾನು ಅದೇ ವಿದ್ಯೆಯನ್ನು ಬೆನ್ನ ಮೇಲೆ ಹೊತ್ತು ಊರಿಂದೂರಿಗೆ ಹೋಗುವವನು. ಕೇಳುವವರಿಗೆ ಇದು ದೊಡ್ಡ ಸುಖದಂತೆ ಕಾಣುತ್ತದೆ. ನಿಜ ಹೇಳಬೇಕೆಂದರೆ ಹೀಗೆ ಅಲೆಯುವ ನಮ್ಮಂಥವರು ಊರು ನೋಡುವುದು ಕಡಿಮೆ. ಯಾವ ರೂಮಿನಲ್ಲಿ ಮೇಜಿನ ಹತ್ತಿರ ಪ್ಲಗ್ ಪಾಯಿಂಟ್ ಇದೆ, ಕರೆಂಟ್ ಹೋದರೆ ಇನ್ವರ್ಟರ್ ಎಷ್ಟು ಹೊತ್ತು ತಡೆಯುತ್ತದೆ, ರಾತ್ರಿ ಹನ್ನೊಂದರ ಮೀಟಿಂಗಿನಲ್ಲಿ ಪಕ್ಕದ ಮನೆಯ ನಾಯಿ ಬೊಗಳುತ್ತದೆಯೇ ಎಂಬುದೇ ನಮ್ಮ ಸ್ಥಳಪುರಾಣ.

ಡಿಸೆಂಬರ್ ತಿಂಗಳ ವಾರದ ನಡುವಿನ ದಿನ. ರಜೆ ಹಾಕಿದ್ದರೂ ಲ್ಯಾಪ್‌ಟಾಪು ಬೆನ್ನಿಗಿತ್ತು. ಹಿರಿಯಡ್ಕ, ಬೈಲೂರು ದಾಟಿ ಬಂದ ಬಸ್ಸಿನಿಂದ ಇಳಿಯುತ್ತಲೇ ಶೆಟ್ರು ಮೊದಲು ನೋಡಿದ್ದು ಅದನ್ನೇ. “ಅದು ಕಾರಿನಲ್ಲೇ ಇರ್ಲಿ. ಬೆಟ್ಟಕ್ಕೆ ಎಂತಕ್ಕೆ?” ಎಂದವರೇ ಕಸಿದು ಹಿಂದಿನ ಸೀಟಿಗೆ ಎಸೆದರು. ನಂತರ ಪೇಟೆಯ ಹೋಟೆಲಿನಲ್ಲಿ ಬನ್ಸು, ಸಜ್ಜಿಗೆ-ಬಜಿಲ್, ಎರಡೆರಡು ಲೋಟ ಚಾ. ಬಾಳೆಹಣ್ಣು ಕಲಸಿದ ಬನ್ಸಿನ ಸಿಹಿಗೆ ಖಾರದ ಚಟ್ನಿ ಹೇಗೆ ಹೊಂದುತ್ತದೆ ಎಂಬುದು ಬಯಲುಸೀಮೆಯ ನಾಲಿಗೆಗೆ ತಕ್ಷಣ ತಿಳಿಯುವುದಿಲ್ಲ. ಮೂರನೆಯದು ತಿನ್ನುವಾಗ ತಿಳಿಯುತ್ತದೆ.

ಬೆಟ್ಟಕ್ಕೆ ವಾಹನ ಹೋಗುವ ರಸ್ತೆಯೂ ಇದೆ, ಬಂಡೆಯಲ್ಲೇ ಕಡಿದ ಮೆಟ್ಟಿಲೂ ಇದೆ. ಮೆಟ್ಟಿಲಿನಲ್ಲೇ ಹೋಗಬೇಕು, ಬಿಸಿಲೇರುವ ಮೊದಲೇ ಹೋಗಬೇಕು. ಹತ್ತು ಗಂಟೆಯ ನಂತರ ಆ ಕರಿಬಂಡೆ ಬರಿಗಾಲಿಗೆ ಸುಮ್ಮನಿರುವುದಿಲ್ಲ. ಮಳೆಗಾಲದಲ್ಲಿ ಹಬ್ಬಿದ ಹಾವಸೆ ಒಣಗಿ ಬಂಡೆಯ ಮೇಲೆ ಬೂದುಬಣ್ಣದ ಚಕ್ಕೆಯಾಗಿ ಕೂತಿತ್ತು. ಶೆಟ್ರು ನಿಂತಲ್ಲಿ ನಿಲ್ಲದೆ ಹತ್ತುತ್ತಿದ್ದರು. ನಾನು ಕುರ್ಚಿಯಲ್ಲಿ ಕೂತೇ ಕಾಲ ಕಳೆಯುವವನು, ಪ್ರತಿ ತಿರುವಿನಲ್ಲೂ ನೋಟ ಸವಿಯುವವನಂತೆ ನಟಿಸಿ ಉಸಿರು ತೆಗೆದುಕೊಳ್ಳುತ್ತಿದ್ದೆ.

ಪೌಳಿಯ ಹೊರಗೆ ಒಂಟಿಯಾಗಿ ನಿಂತ ಕಂಬದ ತುದಿಯಲ್ಲಿ ಬ್ರಹ್ಮದೇವ ಕೂತಿದ್ದಾನೆ. ಆ ಕಂಬ 1436ರದು. ಒಳಗೆ ನಿಂತಿರುವ ಸುಮಾರು 42 ಅಡಿಯ ಬಾಹುಬಲಿ ಅದಕ್ಕಿಂತ ನಾಲ್ಕು ವರ್ಷ ಹಿರಿಯ. ಪಕ್ಕದ ಶಾಸನ ಹೇಳುವ ತಿಥಿ ಇಂದಿನ ಲೆಕ್ಕಕ್ಕೆ 1432ರ ಫೆಬ್ರವರಿ 13. ಲಲಿತಕೀರ್ತಿ ಗುರುಗಳ ಉಪದೇಶದಂತೆ ಇದನ್ನು ನಿಲ್ಲಿಸಿದವನು ವೀರಪಾಂಡ್ಯ ಭೈರರಸ. ಈ ಭೈರರಸರು ಘಟ್ಟದ ಮೇಲೆ ಕಳಸ, ಘಟ್ಟದ ಕೆಳಗೆ ಕಾರ್ಕಳ ಎಂದು ಎರಡೂ ಕಡೆ ಆಳಿದವರು. ಜೈನರು, ಅಳಿಯಸಂತಾನದವರು. “ಎರಡು ಬ್ರಾಂಚ್ ಇಟ್ಟುಕೊಂಡಿದ್ರು, ನಡುವೆ ಘಟ್ಟ. ಆಗ ವಿಡಿಯೋ ಕಾಲ್ ಸಹ ಇಲ್ಲ” ಎಂದು ಶೆಟ್ರು ವಿವರಿಸಿದರು.

ಬೆಳಗೊಳದ ಕಣ್ಣಿಗೆ ಇಲ್ಲಿ ಮೊದಲು ಎದ್ದು ಕಾಣುವುದು ಎತ್ತರದ ವ್ಯತ್ಯಾಸವಲ್ಲ. ಅಲ್ಲಿನ 58 ಅಡಿಯ ಮೂರ್ತಿಯ ತುಟಿಯಲ್ಲಿ ಒಂದು ಅರೆನಗು ಇದೆ. ಇವನ ಮುಖ ಗಂಭೀರ, ಮೈಕಟ್ಟು ತುಸು ಗಿಡ್ಡ, ಭುಜ ಭಾರ. ಕಾಲು ತೋಳುಗಳಿಗೆ ಬಳ್ಳಿ ಇಲ್ಲಿಯೂ ಹಬ್ಬಿದೆ. ಹಿಂದಕ್ಕೆ ಸುತ್ತಿ ಬಂದರೆ ಕಾಲುಗಳಿಗೆ ಆಸರೆಯಾಗಿ ಬಿಟ್ಟ ಕಲ್ಲಿನ ಹಲಗೆ ಕಾಣುತ್ತದೆ. ಚೆಲುವಿನಲ್ಲಿ ಬೆಳಗೊಳವೇ ಮೇಲೆಂದು ನಾನು ಹೇಳುತ್ತೇನೆ, ಶೆಟ್ರು ಒಪ್ಪುವುದಿಲ್ಲ. ಆದರೆ ಒಂದು ವಿಷಯದಲ್ಲಿ ಕಾರ್ಕಳಕ್ಕೆ ತಲೆಬಾಗಲೇಬೇಕು. ಬೆಳಗೊಳದವನು ಬೆಟ್ಟದ ತುದಿಯ ಬಂಡೆಯಲ್ಲೇ ಮೈದಳೆದವನು, ಬಂಡೆಯ ಬೇಡದ ಭಾಗ ತೆಗೆದುಹಾಕಿದರು, ಅವನು ಉಳಿದ. ಕಾರ್ಕಳದವನನ್ನು ಬೇರೆಡೆ ಕೆತ್ತಿ ಈ ಗುಡ್ಡಕ್ಕೆ ಹೊತ್ತು ತಂದರೆಂಬ ಹೇಳಿಕೆ ಇದೆ. 17ನೇ ಶತಮಾನದ ಚಂದ್ರಮ ಕವಿ ತನ್ನ ‘ಕಾರ್ಕಳದ ಗೊಮ್ಮಟೇಶ್ವರ ಚರಿತೆ’ಯಲ್ಲಿ ಗಾಲಿಗಳ ಗಾಡಿಯ ಮೇಲೆ ಜನ ಅದನ್ನು ಬೆಟ್ಟಕ್ಕೆ ಎಳೆದ ಬಗೆಯನ್ನು ವರ್ಣಿಸಿದ್ದಾನೆ. ಬರಿಗೈಯಲ್ಲಿ ಹತ್ತುವಾಗಲೇ ಏದುಸಿರು ಬಂದಿದ್ದ ನನಗೆ ಆ ಇಳಿಜಾರನ್ನು ಮತ್ತೊಮ್ಮೆ ತಿರುಗಿ ನೋಡಬೇಕೆನ್ನಿಸಿತು.

ಪೌಳಿಯ ನೆರಳಿನಲ್ಲಿ ಕೂತಾಗ ಜೇಬಿನ ಫೋನು ಟಿಣ್ ಎಂದಿತು. ಬೆಟ್ಟದ ಮೇಲೆ ನೆಟ್‌ವರ್ಕು ಫುಲ್. ಟೀಮಿನ ಹುಡುಗನೊಬ್ಬ ಬಿಲ್ಡ್ ಒಡೆದಿದೆ, ಎರಡು ನಿಮಿಷ ನೋಡುತ್ತೀರಾ ಎಂದಿದ್ದ. ನಾನು ಉತ್ತರ ಬರೆಯುತ್ತಿದ್ದಂತೆ ಶೆಟ್ರು ವೇಣೂರಿನ ಕಥೆ ತೆಗೆದರು. 1604ರಲ್ಲಿ ವೇಣೂರಿನ ತಿಮ್ಮಣ್ಣ ಅಜಿಲ 35 ಅಡಿಯ ಗೊಮ್ಮಟನನ್ನು ಮಾಡಿಸಿದ. ಅದು ತನ್ನ ಊರಿನ ಮೂರ್ತಿಯ ಕೀರ್ತಿ ಕುಗ್ಗಿಸೀತೆಂದು ಕಾರ್ಕಳದ ಅರಸ ಅದನ್ನು ತನಗೆ ಕೊಡೆಂದು ಕೇಳಿದನಂತೆ. ಕೊಡದಿದ್ದಾಗ ದಂಡೆತ್ತಿ ಹೋದನಂತೆ. ವೇಣೂರಿನವರು ಮೂರ್ತಿಯನ್ನು ಫಲ್ಗುಣಿ ಹೊಳೆಯ ಮರಳಿನಲ್ಲಿ ಹೂತಿಟ್ಟು ಉಳಿಸಿಕೊಂಡರೆಂಬುದು ಜನರ ಮಾತು. “ನಮ್ಮ ಕಂಪನಿ ಕಾಂಪಿಟಿಷನ್ ಎಲ್ಲ ಇದರ ಮುಂದೆ ಎಂತದು?” ಎಂದರು. ತಾವು ಕಾರ್ಕಳದವರಾದರೂ ಈ ಕಥೆಯಲ್ಲಿ ಅವರು ವೇಣೂರಿನ ಪಕ್ಷ. ಬರೆದಿದ್ದ ಉತ್ತರವನ್ನು ಅಳಿಸಿ ನಾನು ಫೋನು ಜೇಬಿಗಿಟ್ಟೆ. ಬಿಲ್ಡನ್ನು ಅರ್ಧ ಗಂಟೆಯಲ್ಲಿ ಹುಡುಗನೇ ಸರಿಮಾಡಿದ.

ಬಂದವರಲ್ಲಿ ಹೆಚ್ಚಿನವರು ಗೊಮ್ಮಟನ ಮುಂದೆ ಫೋಟೋ ತೆಗೆಸಿಕೊಂಡು ಕಾರು ಹತ್ತುತ್ತಾರೆ. ಕಾರ್ಕಳದ ನಿಜವಾದ ಅಚ್ಚರಿ ಇರುವುದು ಎದುರಿನ ತಗ್ಗು ಬಂಡೆಯ ಮೇಲೆ, ಚತುರ್ಮುಖ ಬಸದಿಯಲ್ಲಿ. ಇಮ್ಮಡಿ ಭೈರರಸ 1586ರಲ್ಲಿ ಕಟ್ಟಿಸಿದ್ದು. ನಾಲ್ಕು ದಿಕ್ಕಿಗೆ ನಾಲ್ಕು ಬಾಗಿಲು. ಯಾವ ಬಾಗಿಲಿನಲ್ಲಿ ನಿಂತರೂ ಒಳಗೆ ಅರ, ಮಲ್ಲಿ, ಮುನಿಸುವ್ರತ ಎಂಬ ಮೂವರು ತೀರ್ಥಂಕರರ ನಿಂತ ಲೋಹಮೂರ್ತಿಗಳು. ನಾಲ್ಕೂ ಕಡೆ ಇದೇ ಮೂವರು. ಇಲ್ಲಿ ಹಿಂಬದಿ ಎಂಬುದೇ ಇಲ್ಲ.

ಕಂಬಗಳು 108 ಎಂದು ಊರಿನ ಲೆಕ್ಕ. ಮುಟ್ಟಿ ನೋಡಿದೆ. ಹೊರಗೆ ಬಿಸಿಲು ಕಾದಿದ್ದರೂ ಕಲ್ಲು ತಣ್ಣಗಿತ್ತು. ಒಂದು ಕಂಬದ ಮೇಲೆ ಹಾವುಗಳ ಹೆಣಿಗೆ, ಎಲ್ಲಿ ಒಂದರ ಬಾಲ ಮುಗಿದು ಇನ್ನೊಂದರ ಹೆಡೆ ಶುರುವಾಯಿತೆಂದು ಬೆರಳಿಟ್ಟು ಹುಡುಕಬೇಕು. ಇನ್ನೊಂದರ ಮೇಲೆ ಹೂವು, ಮತ್ತೊಂದರ ಮೇಲೆ ಬರೀ ಗೆರೆಗಳ ಜಾಲ. ಆದರೆ ನನ್ನನ್ನು ಬಹಳ ಹೊತ್ತು ಹಿಡಿದಿಟ್ಟದ್ದು ಮಾಡು. ಹಾಸನದ ಕಡೆಯ ಹೊಯ್ಸಳ ಗುಡಿಗಳಿಗೆ ಇಂಥ ಇಳಿಜಾರಿನ ಸೂರಿನ ಹಂಗಿಲ್ಲ. ಇಲ್ಲಿ ವರ್ಷಕ್ಕೆ 4000 ಮಿ.ಮೀ. ಮೀರಿ ಮಳೆ ಸುರಿಯುತ್ತದೆ. ಕರಾವಳಿಯ ಮನೆಗಳ ಮಾಡು ಹೇಗೆ ಹೊರಗೆ ಚಾಚಿ ಇಳಿಯುತ್ತದೋ ಹಾಗೆಯೇ ಈ ಬಸದಿಯ ಮಾಡೂ ಇಳಿದಿದೆ. ಆದರೆ ಇದು ಮರವಲ್ಲ, ಹೆಂಚಲ್ಲ, ಪೂರಾ ಕಲ್ಲು. ಉದ್ದುದ್ದದ ಚಪ್ಪಡಿಗಳನ್ನು ಹಲಗೆಗಳಂತೆ ಹಾಸಿ, ಒಂದರ ಅಂಚು ಇನ್ನೊಂದನ್ನು ಮುಚ್ಚುವಂತೆ ಜೋಡಿಸಿದ್ದಾರೆ. ಸೂರಿನ ಕೆಳಗೆ ನಿಂತು ಶೆಟ್ರು ಕೈ ಅಡ್ಡ ಹಿಡಿದು ತೋರಿಸಿದರು, “ಜೂನ್‌ನಲ್ಲಿ ಬಂದು ಇಲ್ಲಿ ನಿಲ್ಲಿ. ನಾಲ್ಕು ಕಡೆ ನೀರಿನ ಪರದೆ. ಒಳಗೆ ಒಂದು ಹನಿ ಇಲ್ಲ.”

ಈ ಬಸದಿ ಹುಟ್ಟಿದ ಬಗ್ಗೆ ಊರಿನವರು ಹೇಳುವ ಕಥೆಯೂ ಸ್ವಾರಸ್ಯದ್ದು. ಶೃಂಗೇರಿಯ ಸ್ವಾಮಿಗಳೊಬ್ಬರು ಕಾರ್ಕಳಕ್ಕೆ ಬಂದರಂತೆ. ತಮ್ಮ ಪೂಜೆಗೆ ದೇವಸ್ಥಾನವಿಲ್ಲವೆಂದು ಅವರು ಹೊರಟು ನಿಂತಾಗ ಜೈನ ಅರಸ ತಾನು ಆಗಷ್ಟೇ ಬಸದಿಯೆಂದು ಕಟ್ಟಿಸಿದ್ದನ್ನೇ ಅನಂತಶಯನನಿಗೆ ಬಿಟ್ಟುಕೊಟ್ಟನಂತೆ. ತನ್ನ ಗುರು ಇದರಿಂದ ಮುನಿದಾಗ ಅವರನ್ನು ಒಲಿಸಲು ಈ ಚತುರ್ಮುಖ ಬಸದಿ ಕಟ್ಟಿಸಿದನಂತೆ. ಅನಂತಶಯನ ದೇವಸ್ಥಾನ ಈಗಲೂ ಪೇಟೆಯಲ್ಲಿದೆ, ಆ ಪ್ರದೇಶಕ್ಕೆ ಅದೇ ಹೆಸರು. ಕಥೆ ನಿಜವೋ ಅಲ್ಲವೋ, ಎರಡೂ ಕಡೆ ದೀಪ ಉರಿಯುತ್ತಿದೆ.

ಅರಸ ಬರೀ ಕಟ್ಟಿಸಿ ಕೈತೊಳೆದುಕೊಳ್ಳಲಿಲ್ಲ. ಇಲ್ಲಿನ ಶಾಸನದಲ್ಲಿ ನಿತ್ಯಪೂಜೆಗೆ ಬಿಟ್ಟ ದತ್ತಿಯ ವಿವರವೂ ಇದೆ. “ನೋಡಿ, ಡೆಲಿವರಿಯ ಜೊತೆಗೇ ಮೇಂಟೆನೆನ್ಸು” ಎಂದರು ಶೆಟ್ರು. ಆ ಮಾತಿಗೆ ಇಬ್ಬರೂ ನಕ್ಕೆವು, ಆಮೇಲೆ ಇಬ್ಬರೂ ಸುಮ್ಮನಾದೆವು. ನಾವಿಬ್ಬರೂ ವರ್ಷಗಟ್ಟಲೆ ಕೂತು ಕಟ್ಟಿದ್ದ ಸಾಫ್ಟ್‌ವೇರನ್ನು ಕ್ಲೈಂಟು ಹಿಂದಿನ ವರ್ಷ ಬಂದ್ ಮಾಡಿದ್ದ. ನನಗೆ ಅದು ಒಂದು ಸಾಲಿನ ಮೇಲ್‌ನಲ್ಲಿ ಗೊತ್ತಾಗಿತ್ತು. ಶೆಟ್ರಿಗೆ ಅದೂ ಬಂದಿರಲಿಲ್ಲ.

“ಪೂರಾ ತೆಗೆದ್ರಾ? ಆ ರಾತ್ರಿ ಬಿಲ್ಲಿಂಗಿನ ಜಾಬ್ ಉಂಟಲ್ಲ, ಅದು ಸಹ?”

“ಅದೂ ಹೋಯ್ತು ಶೆಟ್ರೆ.”

ಆ ಬಿಲ್ಲಿಂಗ್ ಜಾಬಿಗಾಗಿ ನಾವು ಒಂದು ದೀಪಾವಳಿಯನ್ನು ಆಫೀಸಿನಲ್ಲೇ ಕಳೆದಿದ್ದೆವು. ತಪ್ಪು ಎಲ್ಲಿದೆಯೆಂದು ಬೆಳಗಿನ ಜಾವ ಹಿಡಿದದ್ದು ಶೆಟ್ರೇ. ಈಗ ಅವರು ಕಂಬಕ್ಕೆ ಬೆನ್ನು ಕೊಟ್ಟು, ಆ ತಪ್ಪು ಯಾವ ಸಾಲಿನಲ್ಲಿತ್ತು, ತಿಂಗಳ ಕೊನೆಯ ದಿನಾಂಕದಲ್ಲಿ ಮಾತ್ರ ಅದು ಯಾಕೆ ತಲೆ ಎತ್ತುತ್ತಿತ್ತು ಎಂಬುದನ್ನೆಲ್ಲ ನಿನ್ನೆ ಬರೆದವರ ಹಾಗೆ ಹೇಳತೊಡಗಿದರು. ಬಸದಿ ನೋಡಲು ಬಂದ ಕುಟುಂಬವೊಂದು ಇವರನ್ನು ಗೈಡ್ ಎಂದು ತಿಳಿದು ತುಸು ಹೊತ್ತು ಪಕ್ಕದಲ್ಲಿ ನಿಂತು ಕೇಳಿತು.

ಕಾರ್ಕಳದ ಕಲ್ಲಿನ ಕಸುಬು ಅರಸರ ಜೊತೆ ಮುಗಿದಿಲ್ಲ. ಧರ್ಮಸ್ಥಳದಲ್ಲಿ ಇಂದು ನಿಂತಿರುವ 39 ಅಡಿಯ ಬಾಹುಬಲಿ ರೂಪುಗೊಂಡದ್ದು ಇಲ್ಲಿಯೇ, ಶಿಲ್ಪಿ ರೆಂಜಾಳ ಗೋಪಾಲ ಶೆಣೈ ಅವರ ಮುಂದಾಳತ್ವದಲ್ಲಿ. 1973ರಲ್ಲಿ ಅದನ್ನು ಟ್ರಾಲಿಯ ಮೇಲೆ ಮಲಗಿಸಿ ಇಲ್ಲಿಂದ ಧರ್ಮಸ್ಥಳಕ್ಕೆ ಸಾಗಿಸಿದರು. ಪ್ರತಿಷ್ಠೆಯಾದದ್ದು 1982ರಲ್ಲಿ. ಆ ಸಾಗಾಟ ನೋಡಿದವರು ಊರಿನಲ್ಲಿ ಈಗಲೂ ಇದ್ದಾರೆ. ಶೆಟ್ರ ತಾಯಿಯೂ ಅವರಲ್ಲೊಬ್ಬರು. ದಾರಿಯುದ್ದಕ್ಕೂ ಜನ ಹೂವು, ತೆಂಗಿನಕಾಯಿ ಹಿಡಿದು ಕಾದು ನಿಂತಿದ್ದರೆಂದು ಅವರು ಆಮೇಲೆ ಊಟದ ಹೊತ್ತಿಗೆ ಹೇಳಿದರು.

ಶೆಟ್ರ ಪರಿಚಯದ ಕೆತ್ತನೆಯ ಶೆಡ್ಡಿಗೆ ಹೋದಾಗ ಅಲ್ಲಿ ಮೊದಲು ಕಿವಿಗೆ ಬಿದ್ದದ್ದು ಉಳಿಯ ಸದ್ದಲ್ಲ, ಕಟಿಂಗ್ ಮೆಷಿನ್ನಿನ ಕಿರಿಚು. ಒರಟಾಗಿ ಕಲ್ಲು ತೆಗೆಯುವ ಕೆಲಸ ಈಗ ಮೆಷಿನ್ನಿನದು. ಮುಖ, ಬೆರಳು, ಆಭರಣಕ್ಕೆ ಬಂದಾಗ ಮೆಷಿನ್ನು ಬದಿಗೆ ಸರಿದು ಚಾಣ-ಸುತ್ತಿಗೆ ಕೈಗೆ ಬರುತ್ತವೆ. ಹಿರಿಯ ಕೆಲಸಗಾರರೊಬ್ಬರು ಹೊಸ ಕಲ್ಲೊಂದನ್ನು ಪರೀಕ್ಷಿಸುತ್ತಿದ್ದರು. ಚೊಂಬಿನ ನೀರು ಸುರಿದು, ಬಗ್ಗಿ, ಒದ್ದೆ ಆರುವುದನ್ನೇ ನೋಡುತ್ತ ಕೂತರು. ಎಲ್ಲ ಕಡೆ ಒಣಗಿದ ಮೇಲೂ ಕೂದಲೆಳೆಯಷ್ಟು ಒಂದು ಗೆರೆ ಕಪ್ಪಾಗಿ ಉಳಿಯಿತು. ಅಲ್ಲಿ ಬಿರುಕು. ನಂತರ ಸುತ್ತಿಗೆಯಿಂದ ಅಲ್ಲಲ್ಲಿ ಮೆಲ್ಲಗೆ ಬಡಿದರು. ಒಂದು ಕಡೆ ಕಂಚಿನ ಗಂಟೆಯ ನಾದ, ಗೆರೆಯ ಹತ್ತಿರ ಬಂದಾಗ ಮಂದ. ಶಿಲೆಯಲ್ಲಿ ಗಂಡು, ಹೆಣ್ಣು, ನಪುಂಸಕ ಎಂದು ಶಿಲ್ಪಿಗಳು ವಿಂಗಡಿಸುವುದೂ ಈ ನಾದ ಕೇಳಿಯೇ. “ಈ ಕಲ್ಲು ದೇವರಿಗಾಗುವುದಿಲ್ಲ, ಮೆಟ್ಟಿಲಿಗೆ ಆದೀತು” ಎಂದು ಅವರು ಕಾವಿಯಲ್ಲಿ ಒಂದು ಗುರುತು ಹಾಕಿ ಎದ್ದರು. ಯಾರಿಗೂ ಬೇಸರವಾದಂತೆ ಕಾಣಲಿಲ್ಲ. ಕೆತ್ತಿ ಅರ್ಧವಾದ ಮೇಲೆ ಗೊತ್ತಾಗಿದ್ದರೆ ಬೇಸರಪಡಬೇಕಿತ್ತು.

ಊಟ ಶೆಟ್ರ ಮನೆಯಲ್ಲಿ. ಹೊಸಿಲು ದಾಟುವ ಮೊದಲೇ ಅಮ್ಮ “ಬಲೆ, ಕುಲ್ಲುಲೆ” ಎಂದು ತುಳುವಿನಲ್ಲಿ ಕರೆದು, ನನ್ನ ಮುಖ ನೋಡಿ, “ಬನ್ನಿ, ಕೂತ್ಕೊಳ್ಳಿ” ಎಂದು ಕನ್ನಡಕ್ಕೆ ತಿರುಗಿದರು. ಕುಚ್ಚಲಕ್ಕಿ ಅನ್ನ, ಬಂಗುಡೆ ಪುಳಿಮುಂಚಿ, ಕೋರಿ ರೊಟ್ಟಿ. ರೊಟ್ಟಿಯ ಮೇಲೆ ಸಾರು ಸುರಿದ ಕೂಡಲೇ ತಿನ್ನಬೇಕೋ, ಮೆತ್ತಗಾಗಲು ಬಿಡಬೇಕೋ ಎಂಬ ವಿಷಯದಲ್ಲಿ ಆ ಮನೆಯೊಳಗೇ ಎರಡು ಪಕ್ಷಗಳಿವೆ. “ಮಂಡೆಬೆಚ್ಚ ಮಾಡ್ಬೇಡಿ, ಹೇಗೆ ಬೇಕಾದ್ರೂ ತಿನ್ನಿ” ಎಂದು ಅಮ್ಮನೇ ತೀರ್ಪು ಕೊಟ್ಟರು.

ಮಧ್ಯಾಹ್ನದ ಮೇಲೆ ಹಿರಿಯಂಗಡಿಯ ನೇಮಿನಾಥ ಬಸದಿ. ಅದರ ಎದುರು ಏಕಶಿಲೆಯ ಮಾನಸ್ತಂಭ ಆಕಾಶಕ್ಕೆ ಸೆಟೆದು ನಿಂತಿದೆ, ಕತ್ತು ನೋಯುವ ತನಕ ನೋಡಬಹುದು. ಪಡುತಿರುಪತಿ ಎಂದು ಹೆಸರಾದ ವೆಂಕಟರಮಣ ದೇವಸ್ಥಾನದ ರಥಬೀದಿ, ಆನೆಕೆರೆ, ಎಲ್ಲ ಮತದವರೂ ಮೊಂಬತ್ತಿ ಹಚ್ಚುವ ಅತ್ತೂರಿನ ಸಂತ ಲಾರೆನ್ಸ್ ಬಸಿಲಿಕ ಇವೆಲ್ಲವನ್ನೂ ಕಾರಿನ ಕಿಟಕಿಯಿಂದ ನೋಡಿದ್ದಾಯಿತು. ಒಂದೇ ದಿನ ಕೈಯಲ್ಲಿರುವವರು ಇವುಗಳಲ್ಲಿ ಕೆಲವನ್ನು ಬಿಡಬೇಕಾಗುತ್ತದೆ. ಯಾವುದನ್ನು ಬಿಟ್ಟರೂ ವರಂಗವನ್ನು ಬಿಡಬಾರದು.

ಹೆಬ್ರಿಯ ಕಡೆಗೆ ಸುಮಾರು 25 ಕಿ.ಮೀ. ಹೋದರೆ ಘಟ್ಟದ ಸಾಲು ಹತ್ತಿರವಾಗುತ್ತ ವರಂಗ ಬರುತ್ತದೆ. ಗದ್ದೆಯ ಬದಿಯಲ್ಲಿ ನೆಲದ ಮೇಲೊಂದು ದೊಡ್ಡ ನೇಮಿನಾಥ ಬಸದಿ. ಅದರಾಚೆ ತಾವರೆ ಎಲೆಗಳು ಹರಡಿದ ಕೆರೆ. ಕೆರೆಯ ನಡುವೆ ಇನ್ನೊಂದು ಪುಟ್ಟ ಬಸದಿ, ಇದೂ ನಾಲ್ಕು ಮುಖದ್ದು. ಅಲ್ಲಿಗೆ ಸೇತುವೆಯಿಲ್ಲ, ದೋಣಿಯಲ್ಲೇ ಹೋಗಬೇಕು. ದೋಣಿಯಲ್ಲಿ ಕೆಲವರಿಗಷ್ಟೇ ಜಾಗ, ಆಚೆ ಹೋದವರು ಮರಳುವ ತನಕ ಈಚೆಯವರು ಕಾಯಬೇಕು. ಟಿಕೆಟ್ಟು ಆನ್‌ಲೈನಿನಲ್ಲಿ ಸಿಗುತ್ತದೆಯೇ ಎಂದು ಯುವಕನೊಬ್ಬ ಕೇಳಿದ. ದೋಣಿಯವರು ಹುಟ್ಟಿನ ತುದಿಯಿಂದ ಕಟ್ಟೆಯನ್ನು ತೋರಿಸಿ, ಕೂತ್ಕೊಳ್ಳಿ ಎಂದರು.

ನಮ್ಮ ಸರದಿ ಬಂತು. ನೀರಿನ ನಡುವೆ ಬಂದಾಗ ಫೋನು ಬಡಿದುಕೊಳ್ಳತೊಡಗಿತು. ನನ್ನದೇ ಇರಬೇಕೆಂದು ಜೇಬು ಮುಟ್ಟಿ ನೋಡಿಕೊಂಡೆ. ಅಲ್ಲ, ಶೆಟ್ರದು. ಅಡಿಕೆ ತೆಗೆಯುವವರು ಕೊನೆಗೂ ನಾಳೆ ಬೆಳಿಗ್ಗೆ ಬರಲು ಒಪ್ಪಿದ್ದಾರೆ, ಕಾರ್ಬನ್ ಫೈಬರಿನ ದೋಟಿಯನ್ನು ಅವರೇ ತರುತ್ತಾರೆ, ಹಿಡಿದು ಕೊಡಲು ಮನೆಯವರೊಬ್ಬರು ಇರಲೇಬೇಕು, ಇಲ್ಲದಿದ್ದರೆ ಇನ್ನು ಹದಿನೈದು ದಿನ ಈ ಕಡೆ ಬರುವುದಿಲ್ಲ. ಶೆಟ್ರು ಅಲ್ಲಿಯೇ, ದೋಣಿಯ ಅಡ್ಡಹಲಗೆಯ ಮೇಲೆ ಕೂತು, ಜರ್ಮನಿಯ ಕ್ಲೈಂಟಿಗೆ ನಾಳೆಯ ಮೀಟಿಂಗು ಮುಂದೂಡಿ ಸಂದೇಶ ಕಳಿಸಿದರು. ಕಾರಣ ಏನು ಬರೆದಿರಿ ಎಂದು ಕೇಳಿದೆ.

“ಇದ್ದದ್ದೇ ಬರೆದೆ. ಹಾರ್ವೆಸ್ಟ್ ಅಂತ.”

ದಡಕ್ಕೆ ತಾಗುವ ಮೊದಲೇ ಉತ್ತರ ಬಂತು, ಒಳ್ಳೆಯ ಬೆಳೆಯಾಗಲಿ ಎಂದು. ನನ್ನ ಅಷ್ಟು ವರ್ಷದ ನೌಕರಿಯಲ್ಲಿ ಮೀಟಿಂಗ್ ಮುಂದೂಡಲು ಇಷ್ಟು ಗಟ್ಟಿ ಕಾರಣ ನನಗೆ ಸಿಕ್ಕಿದ್ದಿಲ್ಲ.

ಬಸದಿಯ ಒಳಗೆ ಪದ್ಮಾವತಿ ದೇವಿಗೆ ಹರಕೆ ಹೊತ್ತವರು ಸದ್ದಿಲ್ಲದೆ ನಿಂತಿದ್ದರು. ನಾಲ್ಕೂ ಬಾಗಿಲುಗಳಿಂದ ನೀರು ಕಾಣುತ್ತದೆ, ಪೂರ್ವಕ್ಕೆ ಘಟ್ಟ. ಇಲ್ಲಿ ಬಹಳ ಹೊತ್ತು ಕೂರಲು ಆಗುವುದಿಲ್ಲ, ಆಚೆ ದಡದಲ್ಲಿ ಕಾಯುವವರಿದ್ದಾರೆ. ಬೇಕೆಂದರೆ ಮರಳಿದ ಮೇಲೆ ಕೆರೆಯ ಏರಿಯ ಮೇಲೆ ಎಷ್ಟು ಹೊತ್ತಾದರೂ ಕೂರಬಹುದು. ನಾವು ಕೂತೆವು. ಹಳೆಯ ಟೀಮಿನಲ್ಲಿ ಯಾರು ಎಲ್ಲಿದ್ದಾರೆ, ಯಾರ ಮದುವೆಯಾಯಿತು, ಯಾರು ಯಾರ ಜೊತೆ ಮಾತು ಬಿಟ್ಟರು ಎಂಬ ಪಟ್ಟಿ ಮುಗಿಯುವಷ್ಟರಲ್ಲಿ ಚಳಿ ಏರಿತು.

ಕಾರ್ಕಳ ಬಸ್‌ಸ್ಟ್ಯಾಂಡಿನಲ್ಲಿ ಉಡುಪಿಯ ಬಸ್ಸು ಹಾರ್ನ್ ಹೊಡೆಯುತ್ತಿತ್ತು. ಶೆಟ್ರು ಹಿಂದಿನ ಸೀಟಿನಿಂದ ನನ್ನ ಬ್ಯಾಗು ತೆಗೆದುಕೊಟ್ಟು, ಅದರ ಜೊತೆಗೊಂದು ಹಲಸಿನ ಹಪ್ಪಳದ ಕಟ್ಟನ್ನೂ ತುರುಕಿದರು. ಇಲ್ಲಿನ ಗೊಮ್ಮಟನಿಗೆ ಮಹಾಮಸ್ತಕಾಭಿಷೇಕ ನಡೆಯುವುದು 12 ವರ್ಷಕ್ಕೊಮ್ಮೆ. ಕಳೆದ ಸಲ ಆದದ್ದು 2015ರ ಜನವರಿಯಲ್ಲಿ, ಆ ಲೆಕ್ಕಕ್ಕೆ ಮುಂದಿನದು 2027.

“ಆಗ ಇಡೀ ಕಾರ್ಕಳದಲ್ಲಿ ರೂಮು ಸಿಗ್ಲಿಕ್ಕಿಲ್ಲ. ಸೀದಾ ನಮ್ಮ ಮನೆಗೆ ಬನ್ನಿ” ಎಂದರು. ಬಸ್ಸು ಹೊರಟ ಮೇಲೆ ಕಿಟಕಿಯ ಪಕ್ಕ ನಾಲ್ಕು ಹೆಜ್ಜೆ ಹಾಕುತ್ತ ಇನ್ನೊಂದು ಮಾತು ಸೇರಿಸಿದರು, “ಮೇಲಿನ ಕೋಣೆಯಲ್ಲಿ ಫೈಬರ್ ಲೈನ್ ಉಂಟು. ಆದ್ರೆ ಅದರ ಪಾಸ್‌ವರ್ಡು ಅಮ್ಮನ ಹತ್ರ ಕೇಳ್ಬೇಕು!”